ಐದನೇ ಕೋಣೆಯ ಕ್ಯಾಮೆರಾ

ಗೋಡೆಯ ಗಿಲಾವು ಮೊಳೆ ಹಿಡಿಯಲಿಲ್ಲವೆಂದು ಐದನೇ ಕೋಣೆಯ ಕ್ಯಾಮೆರಾವನ್ನು ಕರಿಹಲಗೆಯ ಪಕ್ಕದ ಕಿಟಕಿಗೆ, ಆಳೆತ್ತರದಲ್ಲಿ ಕಟ್ಟಿದ್ದರು. ಗುರಣ್ಣ ಮಾಸ್ತರರ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಅಫಜಲಪುರದ ಆ ಕೇಂದ್ರದಲ್ಲಿ ಅವತ್ತು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಹಿಂದೆಲ್ಲ ಗಣಿತದ ದಿನ ಒಳಗೆ ಕೂತವರಿಗಿಂತ ಕಿಟಕಿಗೆ ಜೋತುಬಿದ್ದು ಚೀಟಿ ಎಸೆಯುವವರೇ ಹೆಚ್ಚು. ಈಗ ಕಲಬುರಗಿಯ ಸಾಹೇಬರು ಕೂತಲ್ಲಿಂದಲೇ ಎಲ್ಲ ಕೋಣೆಗಳನ್ನೂ ನೋಡುತ್ತಾರೆ, ಕಿಟಕಿಗಳು ಖಾಲಿ. ಒಳ್ಳೆಯದೇ ಆಯಿತು ಬಿಡಿ. ಆದರೆ ಹೆದರಿಕೆ ಹುಡುಗರನ್ನು ಬಿಟ್ಟು ಮಾಸ್ತರರನ್ನು ಹಿಡಿಯಿತು. ಹವಳಗಾದಿಂದ ಮೇಲ್ವಿಚಾರಣೆಗೆ ಬಂದಿದ್ದ ಗುರಣ್ಣನವರಿಗೆ ಮುಂದಿನ ವಾರವೇ ಮುಖ್ಯಗುರುಗಳಾಗಿ ಬಡ್ತಿ. ಒಂದೇ ಒಂದು ನೋಟಿಸು ಬಂದರೂ ಅದು ಹೋದಂತೆಯೇ.

“ಗದ್ದಕ್ಕ ಕೈ ಹಚ್ಚಬ್ಯಾಡ್ರಿ ಗುರಣ್ಣ ಸರ್,” ಎಂದರು, ಗಂಟೆ ಹೊಡೆಯುವ ಮೊದಲು, ಪಿ.ಟಿ. ಮಾಸ್ತರ ಗೌಸಮೊಹಿದ್ದೀನ. “ಬಟ್ಟು ಕಂಡ್ರ ಉತ್ತರದ ನಂಬರ ತೋರಸಾಕತ್ತಾರ ಅಂತಾರ.”

“ಕಿಸೆದಾಗೂ ಇಡಬ್ಯಾಡ್ರಿ, ಚೀಟಿ ಅದಾವ ಅಂತಾರ,” ಎಂದು ಯಶೋಧರಾ ಟೀಚರ್ ಸೇರಿಸಿದರು.

“ಮತ್ತ ಕೈ ಎಲ್ಲಿ ಇಡ್ಲಿ?”

“ಎಲ್ಲ್ಯರ ಇಡ್ರಿ,” ಎಂದರು ಗೌಸಮೊಹಿದ್ದೀನ. “ಕ್ಯಾಮೆರಾಕ್ಕ ಕಾಣೂವಂಗ ನಿಂದರ್ರಿ. ಕಾಣ್ಲಿಲ್ಲಂದ್ರ ಹೊರಗ ಚಾ ಕುಡಿಯಾಕತ್ತಾರ ಅಂತ ಬರ್ಕೋತಾರ!”

ಗುರಣ್ಣನವರು ಐದನೇ ಕೋಣೆಗೆ ಹೋಗಿ ಕ್ಯಾಮೆರಾದಿಂದ ಒಂದು ಗೇಣು ದೂರದಲ್ಲಿ ಅದಕ್ಕೇ ಮುಖಮಾಡಿ ನಿಂತುಬಿಟ್ಟರು. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಸೀನು ಬಂತು, ಕಣ್ಣಲ್ಲಿ ನೀರು ಬರುವಂತೆ ನುಂಗಿಕೊಂಡರು. ಹಿಂದಿನಿಂದ ಯಾರೋ “ಸರ್, ನೀರು” ಎಂದರು. ತುಟಿ ಅಲುಗಿದರೆ ಉತ್ತರ ಹೇಳಿದ ಅಂದಾರು! ಅಯ್ಯೋ ದೇವರೇ, ಇದೊಂದು ದಿನ ಪಾರುಮಾಡಪ್ಪ ಎಂದು ಒಳಗೊಳಗೇ ಬೇಡಿಕೊಂಡರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಮುಗಿಯಲು ಅರ್ಧ ತಾಸು ಇರುವಾಗ ಜೀಪು ಬಂತು. ಸ್ಕ್ವಾಡಿನ ಸಾಹೇಬರು ಒಳನುಗ್ಗಿದರು.

“ಕ್ಯಾಮೆರಾಕ್ಕ ಫೋಟೋ ಯಾರು ಅಂಟಿಸ್ಯಾರ್ರಿ?”

“ಫೋ... ಫೋಟೋ ರೀ?”

“ಎರಡೂವರೆ ತಾಸಿಂದ ಒಂದ ಮುಖ, ಅಲುಗಾಡವಲ್ದು! ಕಾಪಿ ಹೊಡಸಾಕ ಯಾರದೋ ಫೋಟೋ ಅಡ್ಡ ಇಟ್ಟಾರ ಅಂತ ಕಲಬುರಗಿಯಿಂದ ಫೋನ್ ಬಂದದ.”

“ಅದು ನಾನ ರೀ ಸಾಹೇಬ್ರ. ಜೀವಂತ ಅದೀನ್ರಿ!”

ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೆಸ್ಕುಗಳನ್ನೆಲ್ಲ ತಡಕಾಡಿಸಿದರು. ಒಂದು ಚೀಟಿಯೂ ಸಿಗಲಿಲ್ಲ. ಗುರಣ್ಣನವರಿಗೆ ಹೋದ ಜೀವ ಬಂದಂತಾಗಿ ಧೈರ್ಯವೂ ಬಂತು.

“ನನ್ನ ಕೋಣ್ಯಾಗ ಕಾಪಿ ಆಗಂಗಿಲ್ರಿ ಸಾಹೇಬ್ರ. ಬೇಕಂದ್ರ ರೆಕಾರ್ಡಿಂಗ್ ನೋಡ್ರಿ!”

ಸಾಹೇಬರ ನಗು ನಿಂತಿತು.

“ನೋಡೇವ್ರಿ. ಅದರಾಗ ಒಬ್ಬ ಹುಡುಗನೂ ಇಲ್ಲ. ಬರೇ ನೀವ ಅದೀರಿ,” ಎಂದು ಚೀಲದಿಂದ ನೋಟಿಸು ತೆಗೆದರು. “ಪೂರ್ತಿ ಹೆಸರು ಹೇಳ್ರಿ.”