ಬಬಲೇಶ್ವರ ಸಂತೆಯಲ್ಲಿ ನಾನು ಬಾಯಿ ಮುಚ್ಚಿ ಕೂತದ್ದು

ಬಾಯಿ ಮುಚ್ಚಿಕೊಂಡು ಒಂದು ಕಡೆ ಕೂರುವುದು ಜಗತ್ತಿನ ಅತಿ ಸುಲಭದ ಕೆಲಸವೆಂದು ನಾನು ತಿಳಿದಿದ್ದೆ. ಬಂಡೆಗಲ್ಲು ಅದನ್ನು ಮಾಡುತ್ತದೆ. ಕುಂಬಳಕಾಯಿ ಮಾಡುತ್ತದೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ, ಬಬಲೇಶ್ವರದ ಕಾಲೇಜು ಹುಡುಗರಿಗೆ ವರ್ಷಗಟ್ಟಲೆ ತರ್ಕ ಕಲಿಸುತ್ತಿರುವ ನನಗೆ ಆಗುವುದಿಲ್ಲವೇ? ಇಂಥ ಆತ್ಮವಿಶ್ವಾಸದಿಂದಲೇ ನಾನು ಕಲಾಕ್ಷೇತ್ರವನ್ನು ಪ್ರವೇಶಿಸಿದೆ. ಅದೇ ದಿನ ಸಂಜೆ ನಿರ್ಗಮಿಸಿದೆ ಕೂಡ.

ಮೊದಲು ಹೆಂಡತಿಯ ವಿಷಯ ಹೇಳಬೇಕು. ಮಹಾದೇವಿ ಆಗ ಸಿಟ್ಟಾಗಿ ತವರುಮನೆ ಟಿಕೋಟಾದಲ್ಲಿದ್ದಳು. ಅವಳ ಅಣ್ಣ ಸಂಗಪ್ಪನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆ ನಾನು ಹೋಗಿರಲಿಲ್ಲ. "ನೀನು ನನಗೆ ಹೇಳೇ ಇಲ್ಲ" ಎಂದೆ.

"ಹೇಳೇನ್ರಿ. ನಾ ಹೇಳುಮುಂದ ನೀವು ಮಾತಾಡಾಕತ್ತಿದ್ರಿ."

ಅವಳು ಹೇಳಿದ ನೆನಪು ನನಗಿರಲಿಲ್ಲ. ಆದರೆ ನಾನು ಯಾವುದನ್ನೂ ಸುಮ್ಮನೆ ನಂಬುವವನಲ್ಲ, ನನ್ನ ನೆನಪನ್ನಂತೂ ಮೊದಲೇ ನಂಬುವುದಿಲ್ಲ. ವಿಜಯಪುರದ ಮನೆಯಿಂದ ಸ್ಕೂಟರ್ ಮೇಲೆ ಕಾಲೇಜಿಗೆ ಹೋಗಿ, ಬಸ್ಸಿನಲ್ಲಿ ವಾಪಸು ಬಂದು, ಸ್ಕೂಟರ್ ಕಳುವಾಗಿದೆ ಎಂದು ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಿದ ಮನುಷ್ಯ ನಾನು. ಆದ್ದರಿಂದ, "ನೀನು ಹೇಳಿರುವ ಸಾಧ್ಯತೆಯನ್ನು ನಾನು ತಾತ್ವಿಕವಾಗಿ ಒಪ್ಪುತ್ತೇನೆ" ಎಂದೆ.

'ತಾತ್ವಿಕವಾಗಿ' ಎಂಬ ಪದ ಬಳಸಬಾರದಿತ್ತು.

ಅವಳು ಚೀಲ ತುಂಬಿಕೊಂಡು, ಅಣ್ಣನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸವಿದೆ ಎಂದು ಹೊರಟೇ ಹೋದಳು. ದಿನಾ ಫೋನು ಮಾಡಿ ತಿಳಿಹೇಳಿದೆ. ತಿಳಿಹೇಳಿದಷ್ಟೂ ಅವಳು ಬರುವ ಲಕ್ಷಣ ಕಡಿಮೆಯಾಯಿತು. ಕೊನೆಗೊಮ್ಮೆ ಫೋನಿನಲ್ಲಿ ಅಂದಳು: "ಒಂದು ಸಂತಿ ಹೊತ್ತು ಬಾಯಿ ಮುಚ್ಚಿ ಕುಂದ್ರಿ. ಆಮ್ಯಾಲೆ ಬರ್ತೇನಿ."

ಹೀಗೇ ಅಂದಳು ಎಂದು ನನ್ನ ನೆನಪು. ಸಂತೆ ಅಂದದ್ದು ಖಚಿತ. ಬಾಯಿ ಮುಚ್ಚಿ ಅಂದದ್ದು ಅದಕ್ಕಿಂತ ಖಚಿತ.

ಮರುದಿನವೇ ಶಬಾನಾ ಬಂದಳು. ನಮ್ಮ ಪಕ್ಕದ ಮನೆಯ ಟೇಲರ್ ಮಗಳು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಬರೋಡಾಕ್ಕೆ ಹೋಗಿ ಚಿತ್ರಕಲೆ ಕಲಿತು, ಈಗ ಚಿತ್ರ ಬರೆಯುವುದನ್ನು ಬಿಟ್ಟು ಮನುಷ್ಯರನ್ನೇ ಅಲ್ಲಲ್ಲಿ ಕೂರಿಸುವ ಕಲೆಗೆ ಇಳಿದಿದ್ದಾಳೆ.

"ನಾಟಕವೇನವ್ವಾ?" ಎಂದೆ.

"ನಾಟಕ ಅಲ್ರಿ ಸರ್. ಪರ್ಫಾರ್ಮೆನ್ಸ್ ಆರ್ಟ್. ಇದರ ಹೆಸರು 'ಕೇಳುವ ಗಂಡಸು'. ಹೆಣ್ಮಕ್ಕಳಿಗೆ ಹೇಳಾಕ ಬಾಳ ಇರ್ತದ, ಮನ್ಯಾಗ ಕೇಳೋರು ಇರಂಗಿಲ್ಲ. ನೀವು ಬಬಲೇಶ್ವರ ಸಂತ್ಯಾಗ ಸಂತಿ ಬಿಡುತನಕ ಸುಮ್ಮ ಕುಂದ್ರೂದು. ಯಾರರ ಎದುರಿಗೆ ಕುಂತ್ರ ಅವರ ಕಣ್ಣಾಗ ನೋಡೂದು, ಕೇಳೂದು. ಒಂದು ಮಾತು ಆಡಂಗಿಲ್ಲ."

"ಇಷ್ಟು ಗಂಡಸರಲ್ಲಿ ನಾನೇ ಏಕೆ?"

"ನಿಮ್ಮಂಥವರು ಸುಮ್ಮ ಕುಂತ್ರ ಜನ ನಿಂತು ನೋಡ್ತಾರ ಸರ್."

ಇದನ್ನು ನಾನು ಹೊಗಳಿಕೆಯೆಂದು ಸ್ವೀಕರಿಸಿದೆ. ಕಲೆಗೆ ಕಲೆಯೂ ಆಯಿತು, ಹೆಂಡತಿಯ ಷರತ್ತೂ ಪೂರೈಸಿದಂತಾಯಿತು. ಅವಳು ಫೋಟೋ ನೋಡಿದರೆ ಸಾಕು, ಮುಂದಿನ ಬಸ್ಸಿಗೇ ಬರುತ್ತಾಳೆ!

ಕಲಾವಿದೆಯ ಸೂಚನೆಗಳು ಸ್ಪಷ್ಟವಾಗಿದ್ದವು. ಬಣ್ಣ ಗಮನ ಸೆಳೆಯಬಾರದು, ಆದ್ದರಿಂದ ಬಿಳಿ ಧೋತರ, ಬಿಳಿ ಅಂಗಿ. ಮುಖ ಸಹಜವಾಗಿರಬೇಕು, ಆದ್ದರಿಂದ ಗಡ್ಡ ಬೋಳಿಸಬಾರದು. ಕಾಲಿಗೆ ಚಪ್ಪಲಿ ಬೇಡ. ಬಿಸಿಲಿಗೆ ತಲೆ ಮೇಲೆ ಟವೆಲ್ ಇರಲಿ. ಸಂತೆಯ ತುದಿಯಲ್ಲಿ ಬೇವಿನ ಮರದ ಕೆಳಗೆ ಜಮಖಾನ ಹಾಸಿ ನನ್ನನ್ನು ಕೂರಿಸಿದಳು. ನನ್ನ ಫೋನನ್ನು ಸದ್ದು ಅಡಗಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಪಕ್ಕದಲ್ಲೊಂದು ರಟ್ಟಿನ ಬೋರ್ಡು: 'ಇವರು ಕೇಳುತ್ತಾರೆ. ನೀವು ಹೇಳಿ.' ಆಮೇಲೆ ತಾನು ರಸ್ತೆಯಾಚೆಯ ಚಹಾದಂಗಡಿ ಮೆಟ್ಟಿಲ ಮೇಲೆ ಕ್ಯಾಮೆರಾ ಹಿಡಿದು ನಿಂತಳು.

ನನ್ನ ಎಡಕ್ಕೆ ಉಳ್ಳಾಗಡ್ಡಿ ಮಾರುವ ಬಸವ್ವ. ಎದುರಿಗೆ ಯಾರದೋ ಬದನೆಕಾಯಿಯ ರಾಶಿ, ಮಿರಿ ಮಿರಿ ಮಿಂಚುತ್ತಿತ್ತು. ಸ್ವಲ್ಪ ಹೊತ್ತಿಗೆ ಬಸವ್ವ, ನೆಲ ಕಾದಿದೆ ಎಂದು ನಮ್ಮ ಬೋರ್ಡನ್ನು ಎಳೆದುಕೊಂಡು ಅದರ ಮೇಲೆ ಕೂತಳು. ಬೇಡ ಎನ್ನಲು ನಾನು ಬಾಯಿ ತೆರೆಯುವಂತಿಲ್ಲ. ಹೋಗಲಿ, ಕಲೆಗೆ ವಿವರಣೆ ಯಾಕೆ ಬೇಕು ಎಂದು ಸಮಾಧಾನ ಮಾಡಿಕೊಂಡೆ.

ಮೊದಲು ಬಂದವನು ಸಾರವಾಡದ ಗುರುಪಾದಪ್ಪ. ಅವನ ಮಗ ನನ್ನ ಹತ್ತಿರ ಓದಿದ್ದ. ಖುಷಿಯಿಂದ ಕೈ ಮೇಲೆತ್ತಿಕೊಂಡು ಬಂದವನು, ನನ್ನನ್ನು ಮೇಲಿಂದ ಕೆಳಗೆ ನೋಡಿ ಅರ್ಧಕ್ಕೆ ಕೈ ಇಳಿಸಿದ. ಮಾತಿಲ್ಲದೆ ಚಪ್ಪಲಿ ಬಿಟ್ಟು ಎದುರಿಗೆ ಕೂತ. ಉಸಿರು ಬಿಟ್ಟ.

ನನಗೆ ರೋಮಾಂಚನವಾಯಿತು. ಎಷ್ಟು ಬೇಗ ಅರ್ಥ ಮಾಡಿಕೊಂಡ!

"ಯಾವಾಗ ಆತ್ರಿ ಮಾಸ್ತರ್ರ?" ಎಂದ ಮೆಲ್ಲಗೆ.

ಯಾವಾಗ ಶುರುವಾಯಿತು ಎಂದು ಕೇಳುತ್ತಿದ್ದಾನೆ ಎಂದುಕೊಂಡು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವನ ಕಣ್ಣು ತುಂಬಿ ಬಂತು. "ಅಕ್ಕಾರು ಎಲ್ಲಿ?" ಎಂದು ಅತ್ತಿತ್ತ ನೋಡಿದ. ಉತ್ತರಿಸುವಂತಿಲ್ಲ. ಟಿಕೋಟಾ ಇರುವ ದಿಕ್ಕಿಗೆ ಒಮ್ಮೆ ಕಣ್ಣು ಹೊರಳಿಸಿದೆ. ಆ ದಿಕ್ಕಿನಲ್ಲಿ ಆಕಾಶವೂ ಇದ್ದದ್ದು ನನ್ನ ತಪ್ಪಲ್ಲ.

"ಹೋದ ವಾರ ಟಿಕೋಟಾ ಬಸ್ ಸ್ಟ್ಯಾಂಡಿನಾಗ ನೋಡಿದ್ನಲ್ರಿ. ಗಟ್ಟಿ ಇದ್ರು," ಎಂದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಎದ್ದು ಸುಮ್ಮನೆ ಹೋದ.

ಆಮೇಲೆ ಜನವೋ ಜನ. ಬಂದರು, ಕೂತರು, ತಲೆ ಬಗ್ಗಿಸಿದರು, ಎದ್ದು ಹೋದರು. ನಮ್ಮ ಜಿಲ್ಲೆಯ ರಸಿಕತೆಯ ಬಗ್ಗೆ ನನಗೆ ಅಭಿಮಾನ ಉಕ್ಕಿತು. ಹೆಂಗಸರು ನನ್ನ ಸುತ್ತ ಗುಂಪಾಗಿ ಕೂತು ತಮ್ಮತಮ್ಮಲ್ಲೇ ಮಾತಿಗೆ ಶುರು ಮಾಡಿದರು. 'ಕೇಳುವ ಗಂಡಸು' ಕೆಲಸ ಆರಂಭಿಸಿತು ಎಂದು ಕಿವಿ ನೆಟ್ಟಗೆ ಮಾಡಿದೆ.

"ಏನ್ ತಡಕೊಂಡ್ಲು ಬೇ ಆಕಿ," ಎಂದಳೊಬ್ಬಳು.

"ತಡಕೊಳ್ಳದ ಏನ ಮಾಡ್ತಾಳ? ನನ್ನ ಬಾಜೂಕ ಒಮ್ಮೆ ಬಸ್ಸಿನಾಗ ಕುಂತಿದ್ರು ಇವ್ರು. ಬಿಜಾಪುರದಿಂದ ಇಲ್ಲೀತನಕ ದೇವರು ಅದಾನೋ ಇಲ್ಲೋ ಅಂತ ಹೇಳಿದ್ರು. ಕಡೀಕ ಅದಾನೋ ಇಲ್ಲೋ ಹೇಳಲಿಲ್ಲ, ಇಳದ ಹ್ವಾದ್ರು. ನನಗ ಇನ್ನಾ ಅದ ಚಿಂತಿ."

"ಈಗ ನೋಡ್ರವಾ ಹೆಂಗ ಸುಮ್ಮ ಕುಂತಾರ. ಆಕಿ ಇದ್ದಾಗ ಹಿಂಗ ಕುಂತಿದ್ರ ಇನ್ನೊಂದೀಟು ವರ್ಷ ಇರ್ತಿದ್ಲು."

ಬಸವ್ವ ಸೆರಗು ಮೂಗಿಗೆ ಒತ್ತಿಕೊಂಡಳು. "ತಪ್ಪದ ಸಂತಿಗೆ ಬಂದು ನನ್ನ ಕಡೆ ಉಳ್ಳಾಗಡ್ಡಿ ಆರಸ್ಕೋತ ಏನ ಹಾಡ್ತಿದ್ಲು ಮಾದೇವಕ್ಕ. ಆ ದನಿ ಇನ್ನೆಲ್ಲಿ ಕೇಳಾಕ ಸಿಗ್ತೇತಿ."

ಇಲ್ಲಿ ನನ್ನ ತರ್ಕಶಾಸ್ತ್ರ ಎಚ್ಚರವಾಯಿತು. ಇಷ್ಟು ಹೊತ್ತಿನಲ್ಲಿ ಯಾರೊಬ್ಬರೂ ಏಳುವಾಗ 'ಬರ್ತೇನ್ರಿ' ಅಂದಿರಲಿಲ್ಲ. ನಮ್ಮ ಕಡೆ ಹೊರಡುವಾಗ 'ಬರ್ತೇನಿ' ಅನ್ನದ ಮನೆ ಒಂದೇ: ಸಾವಿನ ಮನೆ. ಅಲ್ಲಿ ಕೈ ಮುಗಿಯುವುದಿಲ್ಲ, ಬರುತ್ತೇನೆ ಅನ್ನುವುದಿಲ್ಲ. ಬಿಳಿ ಬಟ್ಟೆ, ಬೋಳಿಸದ ಗಡ್ಡ, ಬರಿಗಾಲು, ತಲೆಯ ಮೇಲೆ ಟವೆಲ್, ಜಮಖಾನ. ನಾನೇ ನನ್ನನ್ನು ನೋಡಿದ್ದರೂ ಎದುರಿಗೆ ಕೂತು ಅಳುತ್ತಿದ್ದೆ.

ಅಷ್ಟರಲ್ಲಿ ಹತ್ತಿರದ ಮನೆಯವರು ಬುತ್ತಿ ತಂದರು. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ತರುವ ಬುತ್ತಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನನ್ನ ಹೆಂಡತಿಯ ಸಾವು ಅಧಿಕೃತವಾಯಿತು.

ಬಾಯಿ ತೆರೆದರೆ ಷರತ್ತು ಮುರಿದು ಹೆಂಡತಿ ಬರುವುದಿಲ್ಲ. ತೆರೆಯದಿದ್ದರೆ ಹೆಂಡತಿ ಬದುಕಿಲ್ಲ. ಇಂಥ ಇಕ್ಕಟ್ಟನ್ನು ನಾನು ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಬರೆದು ತೋರಿಸಿದ್ದೆನೇ ಹೊರತು ಒಳಗೆ ಕೂತು ನೋಡಿರಲಿಲ್ಲ.

ಶಬಾನಾಗೆ ಕಣ್ಸನ್ನೆ ಮಾಡಿದೆ. ಅವಳು ಓಡಿ ಬಂದು, ಹೆಂಗಸರ ಮಾತು ಕೇಳಿ, ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ನನ್ನ ಕಿವಿಯಲ್ಲಿ, "ಸರ್, ಹಿಂಗ ಇರಲಿ. ನಾ ಅನ್ಕೊಂಡಿದ್ದಕ್ಕಿಂತ ಛಲೋ ಬರಾಕತ್ತೇತಿ" ಎಂದು ಪಿಸುಗುಟ್ಟಿ, ಇನ್ನೂ ಹತ್ತಿರದಿಂದ ಫೋಟೋ ತೆಗೆದಳು.

ಗುರುಪಾದಪ್ಪ ಮತ್ತೆ ಬಂದ. ಈ ಸಲ ಅವನ ಮುಖ ಬಿಳಿಚಿಕೊಂಡಿತ್ತು. "ಟಿಕೋಟಾಕ್ಕ ಸಂಗಪ್ಪಗ ಸಮಾಧಾನ ಹೇಳೂಣಂತ ಫೋನ್ ಹಚ್ಚಿದ್ನಿರಿ. ಸುದ್ದಿ ಹೇಳಿದೆ. ಆ ಕಡಿಂದ ಯಾರೋ ಹೆಣ್ಮಗಳು 'ಹಲೋ' ಅಂದ್ಲು. ದನಿ ಥೇಟ್ ಅಕ್ಕಾರ್ದ! ನನಗ ಎದಿ ನಡಗಿ ಕಟ್ ಮಾಡಿದೆ."

ಹೆಂಗಸರೆಲ್ಲ ಒಮ್ಮೆಲೇ ಹತ್ತಿರ ಸರಿದು ಕೂತರು. "ಆಕೀ ಜೀವ ಇನ್ನಾ ತವರಿನಾಗ ಸುಳದಾಡಾಕತ್ತೇತಿ," ಎಂದಳು ಬಸವ್ವ.

ಇದು ಅವಳು ಬದುಕಿರುವುದಕ್ಕೆ ಸಾಕ್ಷಿ ಎಂಬುದು ಯಾವ ತರ್ಕಪಂಡಿತನಿಗಾದರೂ ಹೊಳೆಯಬೇಕು. ನನಗೂ ಹೊಳೆಯಿತು. ಆದರೆ ಸಂತೆಗೆ ಸಂತೆಯೇ ಒಂದು ಮಾತು ಹೇಳುವಾಗ, ಸ್ಕೂಟರ್ ಎಲ್ಲಿಟ್ಟೆ ಎಂಬುದನ್ನೂ ನೆನಪಿಡದ ಒಬ್ಬನ ಮಾತು ಎಷ್ಟು ಗಟ್ಟಿ? ನಾನು ಅವಳ ಜೊತೆ ಕಡೆಯ ಸಲ ಮಾತಾಡಿದ್ದು ಯಾವಾಗ? ಮೊನ್ನೆಯೇ? ಅದಕ್ಕೂ ಮೊದಲೇ? ಅವತ್ತು ಅವಳ ದನಿ ಹೇಗಿತ್ತು? ನೆನಪಾಗಲಿಲ್ಲ. ನನ್ನ ದನಿ ಮಾತ್ರ ನೆನಪಿತ್ತು. ಅವಳು ಹಾಡುತ್ತಾಳೆಂಬುದೇ ನನಗೆ ಗೊತ್ತಿರಲಿಲ್ಲ. ಹಾಗಾದರೆ ಇವರು ಹೇಳುತ್ತಿರುವುದು ಬೇರೆ ಯಾರದೋ ಹೆಂಡತಿಯ ವಿಷಯವಿರಬಹುದು ಎಂದು ಒಂದು ವಾದ ಹೂಡಿ ನೋಡಿದೆ. ವಾದ ನಿಲ್ಲಲಿಲ್ಲ. ಕಣ್ಣಿಂದ ನೀರು ಸುರಿಯತೊಡಗಿತು. ದೇವರನ್ನೂ ನಂಬದ ನಾನು ಬಬಲೇಶ್ವರ ಸಂತೆಯ ಮಾತನ್ನು ನಂಬಿ, ಬದುಕಿರುವ ಹೆಂಡತಿಗಾಗಿ, ಬದನೆಕಾಯಿ ರಾಶಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ.

"ಕಡೀಕೂ ಅತ್ರು," ಎಂದಳು ದೇವರ ಚಿಂತೆಯ ಹೆಂಗಸು. ಅವಳ ದನಿಯಲ್ಲಿ ಸಮಾಧಾನವಿತ್ತು.

ಸಂತೆ ಅರ್ಧ ಖಾಲಿಯಾಗುವ ಹೊತ್ತಿಗೆ ರಸ್ತೆಯಲ್ಲಿ ಸಂಗಪ್ಪನ ಜೀಪು ನಿಂತಿತು. ಮೊದಲು ಸಂಗಪ್ಪ ಇಳಿದ. ಅವನ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಹಾದೇವಿ.

ಗುರುಪಾದಪ್ಪ ಒಂದು ಮೆಣಸಿನಕಾಯಿ ಚೀಲದ ಹಿಂದೆ ಸರಿದ. ಬಸವ್ವನ ಕೈಯಿಂದ ತಕ್ಕಡಿ ಜಾರಿತು.

"ಯವ್ವಾ, ನೀ ಅದೀಯೇನ?"

"ಅದೇನಿ. ಉಳ್ಳಾಗಡ್ಡಿ ಹೆಂಗ ಕೊಟ್ಟಿ?"

ಬೆಲೆ ಕೇಳಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಮಹಾದೇವಿ ಚಪ್ಪಲಿ ಬಿಟ್ಟು ಎಲ್ಲರಂತೆ ನನ್ನ ಎದುರಿಗೆ ಕೂತಳು. ನನ್ನ ಬಟ್ಟೆ, ಗಡ್ಡ, ಕಣ್ಣೀರು, ಒಂದೊಂದನ್ನೇ ನೋಡಿದಳು. "ಅಣ್ಣನ ಬಾಜೂಕ ಕುಂತು ದ್ರಾಕ್ಷಿ ತೊಟ್ಟು ಬಿಡಸಾಕತ್ತಿದ್ದೆ. ಫೋನ್ ನನ್ನ ಕೈಯಾಗ ಕೊಟ್ಟು, 'ನೀನ ಮಾತಾಡವಾ, ನಿಂದ ಸುದ್ದಿ ಐತಿ' ಅಂದ. ನಿಮಗ ಹಚ್ಚಿದ್ರ ನೀವು ಎತ್ತವಲ್ರಿ. ಏನಿದು?"

ನಾನು ಬಾಯಿ ತೆರೆದೆ. ಶಬಾನಾ ಥಟ್ಟನೆ, "ಅಕ್ಕಾ, ಸರ್ ಸಂತಿ ಬಿಡುತನಕ ಮಾತಾಡಂಗಿಲ್ರಿ" ಎಂದು ಎಲ್ಲವನ್ನೂ ವಿವರಿಸಿದಳು.

"ಹೌದ?" ಮಹಾದೇವಿಯ ಮುಖ ಅರಳಿತು. ಬುತ್ತಿಯ ಗಂಟು ಹತ್ತಿರ ಎಳೆದುಕೊಂಡಳು. "ಹಂಗಾದ್ರ ನಾ ಊಟ ಮಾಡ್ತೇನಿ. ಬಸವ್ವಾ, ನಾ ಹ್ವಾದ ಮ್ಯಾಲೆ ಯಾರ್ಯಾರು ಏನೇನಂದ್ರಿ, ಒಂದೂ ಬಿಡದ ಹೇಳು."

ತನ್ನ ಸಾವಿನ ರೊಟ್ಟಿಯನ್ನು ತಾನೇ ಮುರಿದು ತಿನ್ನುತ್ತ, ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಎನ್ನುತ್ತ, ಅವಳು ಎಲ್ಲವನ್ನೂ ಕೇಳಿದಳು. ಹೆಂಗಸರು ಹೇಳಿದರು. ಇದ್ದದ್ದನ್ನೂ ಹೇಳಿದರು, ಆಗ ಮರೆತದ್ದನ್ನೂ ಸೇರಿಸಿ ಹೇಳಿದರು. ನಾನು ಉತ್ತರ ಕೊಡಲು ಬಾಯಿ ತೆರೆದಾಗಲೆಲ್ಲ ಅವಳು ಕೈಯೆತ್ತಿ, "ಸಂತಿ ಇನ್ನಾ ಬಿಟ್ಟಿಲ್ರಿ" ಎನ್ನುತ್ತಿದ್ದಳು. ಸಂಗಪ್ಪ ಚಹಾ ಕುಡಿದು ಒಬ್ಬನೇ ಜೀಪು ಹತ್ತಿದ. ಅವಳ ಚೀಲ ಇಲ್ಲೇ ಇಳಿದಿತ್ತು. ಅದನ್ನು ನೋಡಿ ನನ್ನ ಎದೆ ಹಗುರಾಯಿತು.

ವಿಜಯಪುರದ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಕಿಟಕಿಯಾಚೆ ಹೊತ್ತು ಇಳಿಯುತ್ತಿತ್ತು. ನನ್ನ ಮೊದಲ ಮಾತು ಯಾವುದಿರಬೇಕೆಂದು ಬಹಳ ಯೋಚಿಸಿದ್ದೆ.

"ನೀನು ಹಾಡ್ತೀಯಾ?"

"ದಿನಾ ಹಾಡ್ತೇನಿ. ನಾ ಹಾಡುಮುಂದ ನೀವು ಮಾತಾಡಾಕತ್ತಿರ್ತೀರಿ."

ಈಗ ಹಾಡಬಹುದೆಂದು ಒಂದು ಊರು ದಾಟುವ ತನಕ ಸುಮ್ಮನೆ ಕಾದೆ. ಅವಳು ಆಕಳಿಸಿದಳು. ತಡೆಯಲಾರದೆ, "ನೀ ಹೇಳಿದಂತೆ ಒಂದು ಸಂತೆ ಹೊತ್ತು ಬಾಯಿ ಮುಚ್ಚಿ ಕೂತೆ ನೋಡು" ಎಂದು ಹೆಮ್ಮೆಯಿಂದ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು. "ನಾ ಯಾವಾಗ ಹಂಗಂದೆ? 'ಒಂದೀಟು ಬಾಯಿ ಮುಚ್ಚಿ ಕೇಳ್ರಿ, ಸಂತ್ಯಾಗ ಬದನಿಕಾಯಿ ತಂದಿಡ್ರಿ, ನಾ ಅವತ್ತ ಸಂಜಿಗೆ ಬರ್ತೇನಿ' ಅಂದಿದ್ದೆ. ನಾ ಹೇಳುಮುಂದ ನೀವು..." ಎಂದಳು. ನನ್ನ ಖಾಲಿ ಕೈಗಳನ್ನು ನೋಡಿದಳು. "ತಂದೀರೇನು?"

ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಆದರೆ ಆ ಬದನೆಕಾಯಿ ರಾಶಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಇಡೀ ದಿನ ನನ್ನನ್ನೇ ನೋಡುತ್ತ ಕೂತಿದ್ದದ್ದು ಮಾತ್ರ ತೊಟ್ಟಿನ ಮುಳ್ಳಿನ ಸಮೇತ ನೆನಪಿದೆ.