ಶವಾಗಾರದಲ್ಲಿ ಮರುತಪಾಸಣೆ

ಹೈದರಾಬಾದಿನ ಒಂದು ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ಕಳೆದ ವರ್ಷ ಎರಡು ಸಾವಿರದ ನಾನೂರು ಹೆಣಗಳು ಬಂದವು. ಅವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಇದು ಕಡತಗಳಿಂದ ದೃಢಪಟ್ಟ ಸಂಗತಿ.

ಸಾವುಗಳಿಂದ ಆಸ್ಪತ್ರೆಯ ಶ್ರೇಯಾಂಕ ಕುಸಿಯುತ್ತಿದೆ ಎಂದು ಕಂಡುಕೊಂಡ ಅಧೀಕ್ಷಕ ವೀರಭದ್ರಪ್ಪನವರು ಸುತ್ತೋಲೆ ಹೊರಡಿಸಿದ್ದರು: ‘ಯಾವುದೇ ವಿಭಾಗದಿಂದ ಹೊರಹೋಗುವ ರೋಗಿಯ ಸ್ಥಿತಿಯನ್ನು ಗುಣಮುಖ, ಸುಧಾರಣೆ ಅಥವಾ ಯಥಾಸ್ಥಿತಿ ಎಂದಷ್ಟೇ ನಮೂದಿಸತಕ್ಕದ್ದು.’ ಕಂಪ್ಯೂಟರಿನಿಂದ ‘ಮೃತ’ ಎಂಬ ಆಯ್ಕೆಯನ್ನೇ ತೆಗೆದುಹಾಕಲಾಯಿತು.

ಶವಪರೀಕ್ಷೆಯ ವೈದ್ಯೆ ದಾನೇಶ್ವರಿ ಬೀದರ ಕಡೆಯವರು. ಹತ್ತೊಂಬತ್ತು ವರ್ಷ ಒಂದಕ್ಷರ ಸುಳ್ಳು ಬರೆಯದ ಹಠಮಾರಿ. ಉಳಿದ ಮೂರು ಆಯ್ಕೆಗಳನ್ನೂ ಅಳೆದು ತೂಗಿ, ತಾವು ಕೊಯ್ದು ಹೊಲಿದ ಮೇಲೂ ಯಾರ ಸ್ಥಿತಿಯೂ ಬದಲಾಗುವುದಿಲ್ಲವಲ್ಲ ಎಂದುಕೊಂಡು ‘ಯಥಾಸ್ಥಿತಿ’ ಒತ್ತತೊಡಗಿದರು. ಹೀಗೆ ಆತ್ಮಸಾಕ್ಷಿಗೂ ಸುತ್ತೋಲೆಗೂ ರಾಜಿಯಾಯಿತು.

ಒಂದು ದಿನ ಕೊಂಡಾಪುರದ ಕಟ್ಟಡವೊಂದರ ಒಂಬತ್ತನೇ ಮಹಡಿಯಿಂದ ಬಿದ್ದ ಹುಸೇನಪ್ಪನನ್ನು ತಂದರು. ಹೆಂಡತಿ ಸುಗಲಮ್ಮ ಅವನ ಜೊತೆಯಲ್ಲೇ ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವಳು. ‘ಯಥಾಸ್ಥಿತಿ’ ಎಂದಿದ್ದ ವರದಿಯನ್ನು ಯಾರಿಂದಲೋ ಓದಿಸಿಕೊಂಡು ಒಳಗೆ ಬಂದಳು.

“ಸತ್ತಾನಂತ ಒಂದ್ ಮಾತು ಬರದು ಕೊಡ್ರಿ, ಡಾಕ್ಟರಮ್ಮ. ಇಲ್ಲಂದ್ರ ಕಂಟ್ರಾಕ್ಟರ ನಂಬಂಗಿಲ್ಲ.”

“ಬರಿಯಾಕ ಜಾಗಾನ ಇಟ್ಟಿಲ್ಲವ್ವ,” ಎಂದರು ದಾನೇಶ್ವರಿ. ಹಾಗೆನ್ನಲು ಅವರಿಗೆ ನಾಚಿಕೆಯಾಯಿತು. ನೇರ ಅಧೀಕ್ಷಕರ ಕೋಣೆಗೆ ಹೋಗಿ ಒಬ್ಬನಿಗಾದರೂ ವಿನಾಯಿತಿ ಕೊಡಿ ಎಂದು ಕೇಳಿದರು.

“ಮೇಡಂ, ಒಬ್ಬನ್ನ ಸಾಯಾಕ ಬಿಟ್ರ ಉಳಿದವರು ಸುಮ್ನಿರ್ತಾರೇನ್ರಿ?” ಎಂದರು ವೀರಭದ್ರಪ್ಪ.

ಸುಗಲಮ್ಮ ಗಂಡನನ್ನು ಊರಿಗೆ ಒಯ್ದು ಮಣ್ಣು ಮಾಡಿದಳು. ಜೊತೆಗೆ ಬಿಡುಗಡೆ ಚೀಟಿಯೂ ಇತ್ತು: ‘ವಿಶ್ರಾಂತಿ. ಉಪ್ಪು ಕಡಿಮೆ. ಹದಿನೈದು ದಿನಕ್ಕೆ ಮರುತಪಾಸಣೆ.’ ಅವಳು ತಂದು ತೋರಿಸಿದ ಚೀಟಿಯನ್ನು ಕಂಟ್ರಾಕ್ಟರ ಎರಡು ಸಲ ಓದಿ ಸಂತೋಷಪಟ್ಟ. ಸತ್ತವನಿಗಾದರೆ ಪರಿಹಾರ ಕೊಡಬೇಕಿತ್ತು; ಕಾಯಿಲೆಯವನಿಗೆ ಅರ್ಧ ಕೂಲಿ ಸಾಕು. ಆದರೆ ಕೂಲಿಗೆ ಬರುವಾಗ ಪ್ರತಿ ಸಲವೂ ಮರುತಪಾಸಣೆಯ ಚೀಟಿ ತರಬೇಕೆಂದು ಕರಾರು ಹಾಕಿದ.

ಹದಿನಾರನೇ ದಿನ ಸುಗಲಮ್ಮ ಗಂಡನ ಫೋಟೋ ಹಿಡಿದು ಶವಾಗಾರಕ್ಕೆ ಬಂದಳು. ಮರುತಪಾಸಣೆಯ ಪ್ರಶ್ನೆಗಳಿಗೆ ಉತ್ತರ ತುಂಬದೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ, ದಾನೇಶ್ವರಿ ಕೇಳಲೇಬೇಕಾಯಿತು.

“ನಿದ್ದಿ?”

“ಭಾಳ ಚಲೋ ಐತ್ರಿ.”

“ಊಟ?”

“ತಕರಾರಿಲ್ರಿ.”

“ಕುಡಿತ?”

“ಬಿಟ್ಟಾನ್ರಿ.”

ದಾನೇಶ್ವರಿ ಮೂರೂ ಉತ್ತರ ತುಂಬಿದರು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಿಯಮದ ಪ್ರಕಾರ ‘ಸುಧಾರಣೆ’ ಒತ್ತಿದರು.

ಸುಗಲಮ್ಮ ಪರದೆಯತ್ತ ಬಗ್ಗಿದಳು. “ಪೂರಾ ಗುಣ ಆತಂತ ಮಾತ್ರ ಬರೀಬ್ಯಾಡ್ರಿ, ಡಾಕ್ಟರಮ್ಮ. ಕೆಲಸಕ್ಕ ಕರೀತಾರ.”

“ಇಲ್ಲವ್ವ, ಅಷ್ಟು ಲಗೂನ ಬರಿಯಂಗಿಲ್ಲ,” ಎಂದು ದಾನೇಶ್ವರಿ ಚೀಟಿಗೆ ಸಹಿ ಹಾಕಿ ಮುಂದಿನ ಟೋಕನ್ ಕೂಗಿದರು. ಹೊರಗಿನ ಬೆಂಚಿನ ಮೇಲೆ ಇನ್ನೂ ಹನ್ನೊಂದು ಹೆಂಗಸರು ಮಡಿಲಲ್ಲಿ ಫೋಟೋ ಇಟ್ಟುಕೊಂಡು ಸರದಿಗೆ ಕಾಯುತ್ತಿದ್ದರು.