ಬೀಗದ ಬೀರುವಿನ ಮಾವ

ನನ್ನ ಸೋದರಮಾವನ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಮೂರೇ ಜಾತಿಯ ಔಷಧಿ: ಕೇಳಿದವರಿಗೆಲ್ಲ ಕೊಡುವಂಥದ್ದು, ಡಾಕ್ಟರ ಚೀಟಿ ಇದ್ದರೆ ಕೊಡುವಂಥದ್ದು, ಚೀಟಿಯಿದ್ದರೂ ಬೀಗ ತೆಗೆದು ಹೆಸರು ಬರೆದುಕೊಂಡೇ ಕೊಡುವಂಥದ್ದು. ಮನುಷ್ಯರನ್ನೂ ಅವರು ಹೀಗೇ ವಿಂಗಡಿಸಿದ್ದರು. ನಮ್ಮತ್ತೆ ಯಾವ ಜಾತಿ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ!

ಹೊಗೆನಕಲ್‌ಗೆ ಹತ್ತು ಮೈಲಿ ಈಚೆಗಿದ್ದ ನಮ್ಮೂರ ಆಸ್ಪತ್ರೆಯಲ್ಲಿ ಮಾವ ಕಾಂಪೌಂಡರು. ಅಫೀಮು, ಮಾರ್ಫಿಯಾಗಳಿಗೆ ಹೊಸ ಕಾನೂನು ಬಂದಾಗ ಆಸ್ಪತ್ರೆಗೆ ಒಂದು ಬೀರು ಬಂತು, ಬೀರುವಿಗೆ ಬೀಗ ಬಂತು, ಬೀಗದ ಕೈ ಮಾವನ ಉಡಿದಾರಕ್ಕೆ ಬಂತು. ಸ್ನಾನಕ್ಕೂ ಅದನ್ನು ಬಿಚ್ಚುತ್ತಿರಲಿಲ್ಲ. ಜೊತೆಗೊಂದು ರಿಜಿಸ್ಟರು. ಬೀರುವಿನಿಂದ ಒಂದು ಹನಿ ಹೊರಬಂದರೂ ರೋಗಿಯ ಪೂರ್ತಿ ಹೆಸರು ಇಂಗ್ಲಿಷಿನಲ್ಲಿ, ಅಳಿಸದೆ, ತಿದ್ದದೆ ಅದರಲ್ಲಿ ಬೀಳಬೇಕು.

ಒಮ್ಮೆ ಒಬ್ಬ ಹೆಂಗಸು ಗಂಡನಿಗಾಗಿ ಚೀಟಿ ತಂದಳು. ಚೀಟಿಯಲ್ಲಿದ್ದ ಹೆಸರು ಬರೆದ ಡಾಕ್ಟರಿಗೇ ಅರ್ಥವಾಗಬೇಕು.

"ಎಸರೇನಮ್ಮಾ?"

"ನಮ್ಮನೆಯೋರು."

"ಊರ್ನಾಗೆ ಎಲ್ಲಾರ್ಗೂ ಒಬ್ಬೊಬ್ಬ ಮನೆಯೋರವ್ರೆ. ಎಸರೇಳು."

ಗಂಡನ ಹೆಸರು ಬಾಯಲ್ಲಿ ತರುವುದುಂಟೇ? "ತಿರುಪತಿ ಬೆಟ್ಟದ ಮ್ಯಾಲವ್ರಲ್ಲಾ, ಅವ್ರ ಎಸರು" ಎಂದಳು. ಸಾಲಿನಲ್ಲಿದ್ದವರೆಲ್ಲ ತಮ್ಮ ರೋಗ ಮರೆತು ಊಹಿಸತೊಡಗಿದರು. ಗೋವಿಂದ? ಅಲ್ಲ. ಶ್ರೀನಿವಾಸ? ಅಲ್ಲ. ವೆಂಕಟರಮಣ? ಅದೂ ಅಲ್ಲ. ಕೊನೆಗೆ ಒಬ್ಬ ಮುದುಕ ಕೆಮ್ಮಿನ ನಡುವೆ "ತಿಮ್ಮಪ್ಪ" ಎಂದಾಗ ಅವಳು ಸೆರಗು ಕಚ್ಚಿ ತಲೆಯಾಡಿಸಿದಳು. ಅಷ್ಟಾದ ಮೇಲೇ ಬೀರು ತೆರೆಯಿತು.

"ಎಸರು ಬರಿಯಾಕೆ ಏನು ನಾಚ್ಕೆ?" ಎಂದು ಮಾವ ಅಂದು ಮನೆಯಲ್ಲಿ ದೊಡ್ಡ ಭಾಷಣವನ್ನೇ ಮಾಡಿದರು.

ಇಂಥವರ ತಾಯಿಗೆ, ಅಂದರೆ ನಮ್ಮಜ್ಜಿಗೆ, ಹೊಟ್ಟೆಯಲ್ಲಿ ಗೆಡ್ಡೆಯಾಯಿತು. ಮೊದಲ ಜಾತಿಯ ಔಷಧಿ ಮುಗಿಯಿತು, ಎರಡನೆಯದೂ ಸೋತಿತು. ಒಂದು ಬೆಳಗ್ಗೆ ನೋವು ತಡೆಯಲಾಗದೆ ಅಜ್ಜಿ ಚಾಪೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಡಾಕ್ಟರು ಅಂದು ಹೊಗೆನಕಲ್‌ನಲ್ಲಿ, ಅಂಬಿಗರ ಜ್ವರ ನೋಡಲು ಹೋಗಿದ್ದರು.

"ಬೀಗದ ಕೈ ಸೊಂಟದಾಗೈತೆ, ಎತ್ತವ್ಳು ಇಲ್ಲಿ ನರಳ್ತಾವ್ಳೆ. ನಿಮ್ದೂ ಒಂದು ಮನ್ಸಾ?" ಎಂದಳು ಅತ್ತೆ.

"ಸಟ್ಟಂ, ಕಾನೂನು, ಎಲ್ಲಾರ್ಗೂ ಒಂದೇ ಕಣೇ" ಎಂದರು ಮಾವ. ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ. ಕೈ ಉಡಿದಾರದ ಮೇಲೆಯೇ ಇತ್ತು.

ಆಗ ಅಜ್ಜಿಯೇ ಹೇಳಿದಳು: "ಓಗ್ಬಾ ಮಗಾ. ಚೀಟಿ ತಕಂಬಾ. ನಿನ್ನ ದೊಡ್ಡಕ್ಕಂಗೆ ನಾನು ಅಳತೆ ಇಲ್ದೆ ಕೊಟ್ಟೋಳು."

ನಮಗೆ ಅದು ಆವತ್ತೇ ಗೊತ್ತಾದದ್ದು. ಅಜ್ಜಿಯ ಕಾಲದಲ್ಲಿ ಕಳೆ ಕೀಳಲು ಹೋಗುವ ತಾಯಂದಿರು ಮಗು ಮಲಗಲೆಂದು ಸಾಸಿವೆಯಷ್ಟು ಅಫೀಮು ನೆಕ್ಕಿಸುತ್ತಿದ್ದರಂತೆ. ಅಜ್ಜಿಯ ಚೊಚ್ಚಲ ಹೆಣ್ಣುಮಗು ಹಾಗೆ ಮಲಗಿದ್ದು ಏಳಲೇ ಇಲ್ಲ. ಮಾವನ ಬೀಗವನ್ನು ನಾನು ಆಮೇಲೆ ಎಂದೂ ಆಡಿಕೊಳ್ಳಲಿಲ್ಲ.

ಮಾವ ಸೈಕಲ್ ಹತ್ತಿದರು. ಹೊಗೆನಕಲ್ ಮುಟ್ಟಿದರೆ ಡಾಕ್ಟರು ಹರಿಗೋಲಿನಲ್ಲಿ ನಡುಹೊಳೆಯಲ್ಲಿದ್ದಾರೆ! ಮಾವ ಇನ್ನೊಂದು ಹರಿಗೋಲು ಹಿಡಿದು ಬೆನ್ನಟ್ಟಿದರು. ಡಾಕ್ಟರು ಗಿರಗಿರ ಸುತ್ತುತ್ತಲೇ ಮೊಣಕಾಲ ಮೇಲೆ ಚೀಟಿ ಬರೆದು ಸೈನು ಹಾಕಿದರು. ಮಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಾರ್, ಈ ಸೈನು ನಿಮ್ದಲ್ಲ ಅನ್ನಂಗೈತೆ. ದಡಕ್ಕೆ ಬಂದು ಇನ್ನೊಂದು ಆಕಿ."

ಬೇರೆಯವರಾದರೆ ಹೊಳೆಗೆ ತಳ್ಳುತ್ತಿದ್ದರು. ಡಾಕ್ಟರು ದಡಕ್ಕೆ ಬಂದು ಕಲ್ಲಿನ ಮೇಲೆ ಕೂತು ಇನ್ನೊಂದು ಹಾಕಿಕೊಟ್ಟರು. ಹಿಂದಿರುಗುವಾಗ ಘಾಟಿಯ ಏರಿನುದ್ದಕ್ಕೂ ಸೈಕಲ್ ತಳ್ಳಿಕೊಂಡೇ ಬಂದು, ಮಾವ ಮಧ್ಯಾಹ್ನ ಮೂರಕ್ಕೆ ಬೀರು ತೆಗೆದರು. ಹನಿ ಎಣಿಸಿ ಅಜ್ಜಿಗೆ ಕುಡಿಸಿದರು. ಅಂದು ಸಂಜೆ ಅವಳು ಎದ್ದು ಕೂತು ರಾಗಿ ಗಂಜಿ ಕೇಳಿದಳು. ಅತ್ತೆ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಆಮೇಲೆ ಅಜ್ಜಿ ಬದುಕಿದ್ದು ಕೆಲವೇ ದಿನ. ಆ ಕೆಲವು ದಿನ ಅವಳು ನರಳಲಿಲ್ಲ.

ಮಾವ ಕೆಲಸ ಬಿಡುವಾಗ ಆ ರಿಜಿಸ್ಟರನ್ನು ನಾನು ಒಮ್ಮೆ ತೆರೆದು ನೋಡಿದೆ. ಪುಟದ ಮೇಲೆ ಪುಟ ಮುತ್ತಿನಂಥ ಇಂಗ್ಲಿಷು. ತಿಮ್ಮಪ್ಪನೂ ತಂದೆಯ ಹೆಸರಿನ ಸಮೇತ ಇದ್ದ. ಅಜ್ಜಿಗೆ ಹನಿ ಕುಡಿಸಿದ ದಿನದ ಸಾಲಿನಲ್ಲಿ ಮಾತ್ರ, ರೋಗಿಯ ಹೆಸರಿರಬೇಕಾದ ಕಡೆ, ಕನ್ನಡದಲ್ಲಿ ಎರಡೇ ಅಕ್ಷರವಿತ್ತು: ಅವ್ವ. ಪಕ್ಕದಲ್ಲಿ ಯಾರೋ ಮೇಲಧಿಕಾರಿ ಕೆಂಪು ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿದ್ದರು. ಮಾವ ಅದನ್ನು ತಿದ್ದಿರಲಿಲ್ಲ.